ತೋಟವನ್ನು ಕಾಯುವ ಕೈಗಳು

ಸಸ್ಯೋದ್ಯಾನವೆಂದೊಡನೆ ನಮಗೆ ಲಾಲ್‌ಬಾಗು ನೆನಪಾಗುತ್ತದೆ. ಅದು ಸರ್ಕಾರದ ತೋಟ. ಕೊಡಗಿಗೆ ಹೊಂದಿಕೊಂಡ ವಯನಾಡಿನಲ್ಲಿ, ಪೆರಿಯದ ಬಳಿಯ ಗುರುಕುಲ ಸಸ್ಯಧಾಮ ಹಾಗಲ್ಲ. ಜರ್ಮನಿಯಿಂದ ಬಂದ ವುಲ್ಫ್‌ಗ್ಯಾಂಗ್ ಥಾಯರ್ಕಾಫ್ ಅದನ್ನು 1981ರಲ್ಲಿ ಆರಂಭಿಸಿದರು, 2014ರಲ್ಲಿ ತೀರಿಕೊಂಡರು. ತೋಟ ಮಾತ್ರ ಉಳಿದು ಬಂದಿದೆ.

ಉಳಿಸಿದವರಲ್ಲಿ ಮೊದಲಿಗರು ಅಲ್ಲಿ ದುಡಿಯುವ ಸುತ್ತಲಿನ ಹೆಣ್ಣುಮಕ್ಕಳು. ಪಶ್ಚಿಮಘಟ್ಟದ ಕಾಡು ಅಳಿದೆಡೆಯಿಂದ ತಂದ ಸೀತಾಳೆ, ಜರಿಗಿಡ, ಕಾಡು ಗೌರಿಹೂಗಳನ್ನು ಸಾಕುವುದು ಸುಲಭವಲ್ಲ. ಯಾವ ಗಿಡಕ್ಕೆ ಎಷ್ಟು ನೆರಳು, ಯಾವುದಕ್ಕೆ ಯಾವ ಮರದ ತೊಗಟೆ ಎಂಬುದು ಕೈಗಳಿಗೆ ತಿಳಿದ ವಿದ್ಯೆ. ಪುಸ್ತಕಭಂಡಾರಕ್ಕೆ ಒಂದು ತಿಂಗಳು ಬೀಗ ಹಾಕಿದರೆ ಧೂಳು ಕೂತೀತು, ಅಷ್ಟೆ. ತೋಟಕ್ಕೆ ಹಾಗೆ ಬೀಗ ಹಾಕಲಾಗದು. ಪಳಗಿದ ತೋಟಗಾರ್ತಿ ಕೆಲಸ ಬಿಟ್ಟರೆ ಆ ವಿದ್ಯೆಯೂ ಅವರೊಡನೆ ಹೊರಟುಹೋಗುತ್ತದೆ.

ಇಂಥ ಸಣ್ಣ ತೋಟಗಳ ಕಷ್ಟವಿರುವುದು ಇಲ್ಲಿಯೇ. ನಮ್ಮ ದಾನಶೀಲತೆ ಕಟ್ಟಡದ ಕಡೆಗೆ ಬೇಗ ಹರಿಯುತ್ತದೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಲ್ಲ! ತಿಂಗಳ ಸಂಬಳದ ಮೇಲೆ ಕೆತ್ತಿಸಲಾದೀತೆ? ಶಾಲೆಯ ಮಕ್ಕಳು ಒಂದು ಗಂಟೆ ನೋಡಿಹೋಗುವ ಗಿಡವನ್ನು ಯಾರೋ ವರ್ಷವಿಡೀ ಕಾದಿರುತ್ತಾರೆ. ಕೊಡಬಯಸುವವರು ಕಲ್ಲುಬೆಂಚಿನ ಬದಲು ಒಬ್ಬ ತೋಟಗಾರ್ತಿಯ ಒಂದು ವರ್ಷದ ಸಂಬಳ ಹೊರಲಿ. ಆಷಾಢದ ಮಳೆಯಲ್ಲಿ, ಜಿಗಣೆಗಳ ನಡುವೆ ಕುಳಿತು ಕಳೆ ಕೀಳುವವರು ಅವರೇ.