ಮನೆಯ ಷೆಡ್ಡಿನಲ್ಲಿ ಜೀಪು ನಿಲ್ಲಿಸುವವರಿಗೆ ಬೆಂಕಿಯ ಎಚ್ಚರಿಕೆ

(ಮಲೆನಾಡಿನ ಕಾಫಿ ಮತ್ತು ಅಡಿಕೆ ಬೆಳೆಗಾರರ ತರಬೇತಿ ಶಿಬಿರವೊಂದರಲ್ಲಿ ಕೃಷಿ ಯಂತ್ರೋಪಕರಣಗಳ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಬೆಳಗಿನಿಂದ ಸಿಂಪರಣಾ ಯಂತ್ರ, ಕಳೆ ಕತ್ತರಿಸುವ ಯಂತ್ರ, ಪಂಪುಸೆಟ್ಟು ಇವುಗಳ ವಿಚಾರ ಕೇಳಿದ್ದೀರಿ. ಅವೆಲ್ಲ ದುಡಿಮೆಯ ಯಂತ್ರಗಳು. ನನಗೆ ಕೊಟ್ಟಿರುವ ಸಮಯದಲ್ಲಿ ಮೋಜಿಗಾಗಿ ಓಡಿಸುವ ಬಂಡಿಯ ವಿಚಾರ ಹೇಳಬೇಕೆಂದಿದ್ದೇನೆ. ಅದನ್ನು ಹೇಗೆ ಓಡಿಸಬೇಕೆಂಬುದು ನನಗಿಂತ ನಿಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಓಡಿಸಿಯಾದ ಮೇಲೆ ಎಲ್ಲಿ, ಹೇಗೆ ನಿಲ್ಲಿಸಬೇಕೆಂಬುದೇ ಇಂದಿನ ಮಾತು.

ನಮ್ಮ ಸೀಮೆಗೆ ಜೀಪು ಹೊಸದಲ್ಲ. ಮಹೀಂದ್ರ ಕಂಪೆನಿಯವರು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ತೋಟದ ಗೊಬ್ಬರ, ಕಾಫಿ ಮೂಟೆ, ಹೆರಿಗೆ ನೋವಿನ ಹೆಣ್ಣುಮಗಳು, ಎಲ್ಲವನ್ನೂ ಜೀಪು ಹೊತ್ತಿದೆ. ಈಗ ಅದೇ ಜೀಪಿಗೆ ದೊಡ್ಡ ಚಕ್ರ, ಹೆಚ್ಚಿನ ದೀಪ, ವಿಂಚು ಹಾಕಿಸಿ ಮಳೆಗಾಲದ ಕೆಸರಿನಲ್ಲಿ, ಹಳ್ಳದಲ್ಲಿ, ಗುಡ್ಡದಲ್ಲಿ ಓಡಿಸುವುದು ಯುವಕರ ಆಟವಾಗಿದೆ. ಕೆಲವರ ಮನೆಗೆ ನಾಲ್ಕು ಚಕ್ರದ ಏಟಿವಿ ಬಂಡಿಗಳೂ ಬಂದಿವೆ. ಬೇಡವೆನ್ನಲು ನಾನು ಬಂದವನಲ್ಲ. ಆದರೆ ಈ ಬಂಡಿಗಳನ್ನು ರಾತ್ರಿ ನಾವು ಮಲಗುವ ಸೂರಿನ ಕೆಳಗೇ ನಿಲ್ಲಿಸುತ್ತೇವೆ. ಅದೇ ನನ್ನ ಚಿಂತೆ.

ನನ್ನ ಅಕ್ಕನ ಮನೆಯಲ್ಲಿ ನಡೆದದ್ದು

ನನ್ನ ಅಕ್ಕನನ್ನು ಕೊಟ್ಟಿರುವುದು ಮಲೆನಾಡಿನ ಒಂದು ಅಡಿಕೆ ತೋಟದ ಮನೆಗೆ. ಹಳೆಯ ಮನೆ. ಪಕ್ಕಕ್ಕೆ ಇಳಿಸಿದ ಮಾಡಿನ ಕೆಳಗೆ ಜೀಪಿನ ಷೆಡ್ಡು, ಅದಕ್ಕೆ ತಾಗಿ ಬಚ್ಚಲುಮನೆ. ನಡುವೆ ಒಂದು ಬಾಗಿಲು, ಅದರಡಿ ಎರಡು ಬೆರಳಿನಷ್ಟು ಸಂದು. ಅಕ್ಕನ ಮಗ ಹಳೆಯ ಪೆಟ್ರೋಲು ಜೀಪೊಂದನ್ನು ಕೊಂಡು ಭಾನುವಾರಗಳಂದು ಗುಡ್ಡ ಹತ್ತಿಸುತ್ತಿದ್ದ. ಒಂದು ಭಾನುವಾರ ನಾನೂ ಅಲ್ಲಿದ್ದೆ. ಸಂಜೆ ಅವನು ಜೀಪನ್ನು ತಂದು ಷೆಡ್ಡಿಗೆ ನುಗ್ಗಿಸಿದ. ಕೈಕಾಲು ತೊಳೆಯಲು ಹೋದ ನನಗೆ ಪೆಟ್ರೋಲಿನ ವಾಸನೆ ಬಡಿಯಿತು. ಹುಡುಗ ಉತ್ಸಾಹದಲ್ಲಿದ್ದ. ನೆಂಟನಾಗಿ ಬಂದವನು ಬಂದ ದಿನವೇ ತಪ್ಪು ಹುಡುಕುವುದೇಕೆ ಎಂದುಕೊಂಡು ನಾನು ಸುಮ್ಮನಾದೆ.

ಇಂಜಿನ್ನಿಗೆ ಹೋಗುವ ಪೆಟ್ರೋಲಿನ ರಬ್ಬರು ಕೊಳವೆ ಹಳತಾಗಿ ಬಿರಿದಿತ್ತು. ರಾತ್ರಿಯೆಲ್ಲ ಹನಿ ಹನಿಯಾಗಿ ಸೋರಿತು. ಬೆಳಗಿನ ಜಾವ ಅಕ್ಕನ ಅತ್ತೆಯವರು, ಎಪ್ಪತ್ತು ದಾಟಿದವರು, ಎಂದಿನಂತೆ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಕಡ್ಡಿ ಗೀರಿದರು. ಬೆಂಕಿ ಒಲೆಯೊಳಗೆ ಹತ್ತಲಿಲ್ಲ. ನೆಲದ ಮೇಲೆ, ಅವರ ಕಾಲ ಸುತ್ತ ಹತ್ತಿತು. ಬಾಗಿಲ ಸಂದಿನಲ್ಲಿ ಓಡಿ ಜೀಪನ್ನು ಮುಟ್ಟಿತು. ಅವರನ್ನು ಹೊರಗೆಳೆಯುವಷ್ಟರಲ್ಲಿ ಎರಡು ಪಾದಗಳೂ ಸುಟ್ಟಿದ್ದವು. ಜೀಪು, ಮಾಡು, ಅಟ್ಟದ ಮೇಲಿದ್ದ ಅಡಿಕೆ ಎಲ್ಲವೂ ಹೋದವು. ಅತ್ತೆಯವರು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ಈಗಲೂ ಕೋಲೂರಿಯೇ ನಡೆಯುತ್ತಾರೆ. ನೋಡಲು ಹೋದಾಗ ನನ್ನನ್ನು ಒಂದೇ ಮಾತು ಕೇಳಿದರು: "ನಿನಗೂ ವಾಸನೆ ಬಂದಿತ್ತೇನೋ?" ಬಂದಿತ್ತು ಎಂದೆ. ಅವರು ಮತ್ತೇನೂ ಹೇಳಲಿಲ್ಲ.

ಯಂತ್ರಗಳ ಪಾಠ ಹೇಳುವುದೇ ನನ್ನ ವೃತ್ತಿ. ಆದುದರಿಂದ ಆ ಸಂಜೆ ಹೇಳದೆ ಉಳಿಸಿಕೊಂಡ ಮಾತನ್ನು ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಉರಿಯುವುದು ಪೆಟ್ರೋಲಲ್ಲ, ಅದರ ಆವಿ

ಪೆಟ್ರೋಲಿನ ದ್ರವ ಉರಿಯುವುದಿಲ್ಲ. ಅದರಿಂದೇಳುವ ಆವಿ ಉರಿಯುತ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಪೆಟ್ರೋಲು ಕೊಡುತ್ತದೆ. ಅಂದಮೇಲೆ ನಮ್ಮ ಮಳೆಗಾಲದ ಚಳಿ ಅದಕ್ಕೆ ಲೆಕ್ಕವೇ ಅಲ್ಲ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಬೆರೆತರೂ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ.

ಮುಖ್ಯವಾಗಿ ನೆನಪಿಡಬೇಕಾದ ಇನ್ನೊಂದು ಅಂಶವಿದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರದೆ ನೀರಿನಂತೆ ನೆಲ ಹಿಡಿದು ತಗ್ಗಿನ ಕಡೆಗೆ ಹರಿಯುತ್ತದೆ. ಬಾಗಿಲ ಸಂದಿನಲ್ಲಿ, ಚರಂಡಿಯಲ್ಲಿ ಸಾಗಿ ದೂರದ ಬೆಂಕಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲಿಯೇ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ಇಡುವುದುಂಟು. ಅದರ ಉರಿ ನೆಲದಿಂದ 18 ಅಂಗುಲವಾದರೂ ಮೇಲಿರಬೇಕೆಂಬ ನಿಯಮ ಅಲ್ಲಿನ ಕಟ್ಟಡ ಕಟ್ಟಳೆಗಳಲ್ಲಿ ಬಂದದ್ದು ಈ ಕಾರಣದಿಂದಲೇ. ನಮ್ಮ ಹಂಡೆಯ ಒಲೆಯೋ, ನೆಲದ ಮೇಲೆಯೇ ಇದೆ. ಹಂಡೆಯ ಒಲೆಗೆ ತಾಗಿದ ಷೆಡ್ಡು ಪೆಟ್ರೋಲಿನ ಬಂಡಿಗೆ ತಕ್ಕ ಜಾಗವಲ್ಲ.

ನಿಲ್ಲಿಸಿದ ಮೇಲೂ ಬಿಸಿ ಏರುತ್ತದೆ

"ನಮ್ಮದು ಡೀಸೆಲ್ ಜೀಪು, ನಮಗೇನು ಭಯ?" ಎಂದು ಕೆಲವರು ಕೇಳಬಹುದು. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ನಿಜ. ಆದರೆ ಕಾದ ಸೈಲೆನ್ಸರಿನ ಕೊಳವೆಯ ಮೇಲೆ ಸೋರಿದ ಡೀಸೆಲ್ಲೂ, ಆಯಿಲೂ ಉರಿಯುತ್ತವೆ.

ಗುಡ್ಡ ಹತ್ತುವಾಗ ಇಂಜಿನ್ನಿಗೆ ದುಡಿತ ಹೆಚ್ಚು, ಬಂಡಿಯ ವೇಗ ಕಡಿಮೆ. ಆದ್ದರಿಂದ ಅದಕ್ಕೆ ತಾಗುವ ಗಾಳಿ ಸಾಲದು. ರೇಡಿಯೇಟರಿಗೆ ಕೆಸರು ಮೆತ್ತಿದ್ದರೆ ಬಿಸಿ ಮತ್ತೂ ಹೆಚ್ಚು. ಇಂಜಿನ್ ನಿಲ್ಲಿಸಿದೊಡನೆ ಫ್ಯಾನೂ ನೀರಿನ ಓಟವೂ ನಿಲ್ಲುತ್ತವೆ. ಒಳಗಿನ ಬಿಸಿ ಹೊರಕ್ಕೆ ಹರಡಿ, ಬಾನೆಟ್ಟಿನ ಒಳಗೆ ಕೆಲವು ನಿಮಿಷ ಉಷ್ಣ ಇಳಿಯುವ ಬದಲು ಏರುತ್ತದೆ. ನಾವು ಬಂಡಿಯನ್ನು ಷೆಡ್ಡಿಗೆ ಸೇರಿಸಿ ಒಳಗೆ ಹೋಗುವುದು ಸರಿಯಾಗಿ ಅದೇ ಹೊತ್ತಿನಲ್ಲಿ.

ಇದಲ್ಲದೆ ಬಂಡಿಯ ಅಡಿಯಲ್ಲಿ ಹುಲ್ಲು, ತರಗೆಲೆ, ಲಂಟಾನದ ಕಡ್ಡಿ ಸಿಕ್ಕಿಕೊಂಡಿರುತ್ತವೆ. ಒಣ ಹುಲ್ಲು ಸುಮಾರು 250ರಿಂದ 300 ಡಿಗ್ರಿ ಬಿಸಿಗೆ ಹೊತ್ತಿಕೊಳ್ಳಬಲ್ಲದು. ಚೆನ್ನಾಗಿ ದುಡಿದ ಇಂಜಿನ್ನಿನ ಹೊಗೆ ಕೊಳವೆ ಅದಕ್ಕಿಂತ ಹೆಚ್ಚು ಕಾಯುತ್ತದೆ. ಇಂದು ಹಸಿಯಾಗಿದ್ದ ಹುಲ್ಲು ಮುಂದಿನ ವಾರಕ್ಕೆ ಒಣಗಿ ಸಿದ್ಧವಾಗಿರುತ್ತದೆ. ಬಹಳ ದಿನ ನಿಲ್ಲಿಸಿದ ಬಂಡಿಯಲ್ಲಿ ಇಲಿ ಗೂಡು ಕಟ್ಟುತ್ತದೆ, ವೈರು ಕಡಿಯುತ್ತದೆ. ಫ್ಯೂಸಿಲ್ಲದೆ ಎಳೆದ ದೀಪದ ವೈರು, ವಿಂಚಿನ ವೈರು ತಗಡಿಗೆ ಉಜ್ಜಿ ಸಿಪ್ಪೆ ಸುಲಿದರೆ, ಕೀಲಿ ತೆಗೆದಿದ್ದರೂ ಬ್ಯಾಟರಿಯಿಂದ ಕಿಡಿ ಹಾರಬಲ್ಲದು.

ಡಬ್ಬಿ ಮತ್ತು ಬ್ಯಾಟರಿ

ಷೆಡ್ಡಿನಲ್ಲಿ ಬಂಡಿಯೊಂದೇ ಇರುವುದಿಲ್ಲ. ಕಳೆ ಯಂತ್ರಕ್ಕೆಂದು ತಂದ ಪೆಟ್ರೋಲು ನೀರಿನ ಬಾಟಲಿಯಲ್ಲಿ, ಅಡಿಗೆ ಎಣ್ಣೆಯ ಡಬ್ಬದಲ್ಲಿ ಇರುತ್ತದೆ. ಪಕ್ಕದಲ್ಲಿ ಗೋಣಿಚೀಲದ ರಾಶಿ, ಮೇಲೆ ಅಟ್ಟದಲ್ಲಿ ಹುಲ್ಲು. 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸಿಲ್ಲದೆ ಒಟ್ಟು 30 ಲೀಟರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಪಾತ್ರೆಗೆ ಬಿಗಿಯಾದ ಮುಚ್ಚಳವಿರಬೇಕು. ಲೋಹದ್ದಾದರೆ 25 ಲೀಟರು, ಗಾಜಿನದಾದರೆ 1 ಲೀಟರು ಮೀರಕೂಡದು. ನೀರಿನ ಬಾಟಲಿಗೆ ಅಲ್ಲಿ ಜಾಗವಿಲ್ಲ. ಕಾಯಿದೆ ಒಪ್ಪುತ್ತದೆಂದು ಮೂವತ್ತು ಲೀಟರನ್ನೂ ಮನೆಯೊಳಗೆ ಇಡಬೇಕಾಗಿಲ್ಲ. ವಾರಕ್ಕೆ ಬೇಕಾದಷ್ಟು ಮಾತ್ರ ತಂದು, ಮನೆಯಿಂದ ದೂರ, ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಸಾಮಾನ್ಯ ಸೀಸದ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಅನಿಲ ಬಿಡುತ್ತದೆ. ಅದು ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಹೊತ್ತಿಕೊಳ್ಳಬಲ್ಲದು. ಚಾರ್ಜು ಮಾಡುವಾಗ ಗಾಳಿಯಾಡಬೇಕು. ಚಾರ್ಜರಿನ ಸ್ವಿಚ್ಚು ಆರಿಸಿದ ಮೇಲೆಯೇ ಕ್ಲಿಪ್ಪು ತೆಗೆಯಬೇಕು. ವಿದ್ಯುತ್ ಬಂಡಿಯ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ, ಪೆಟ್ಟು ತಿಂದಿದ್ದರೆ, ನೀರಿನಲ್ಲಿ ಮುಳುಗಿದ್ದರೆ ಅದನ್ನು ಮನೆಯೊಳಗೆ ತರಲೂ ಕೂಡದು, ಚಾರ್ಜು ಮಾಡಲೂ ಕೂಡದು.

ತಯಾರಕರ ತಪ್ಪೂ ಇರಬಹುದು

ಹೊಸ ಬಂಡಿಯೆಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಅಮೆರಿಕದ ಪೊಲಾರಿಸ್ ಕಂಪೆನಿ ತನ್ನ ಆರ್‌ಜಡ್‌ಆರ್ 900 ಮತ್ತು 1000 ಮಾದರಿಯ ಸುಮಾರು 1,33,000 ಮೋಜಿನ ಬಂಡಿಗಳನ್ನು ಬೆಂಕಿಯ ಅಪಾಯಕ್ಕಾಗಿ 2016ರ ಏಪ್ರಿಲ್‌ನಲ್ಲಿ ದುರಸ್ತಿಗೆ ಹಿಂದಕ್ಕೆ ಕರೆಯಿತು. ಅಷ್ಟರಲ್ಲಿ 160ಕ್ಕೂ ಹೆಚ್ಚು ಬೆಂಕಿ ಪ್ರಕರಣಗಳು ವರದಿಯಾಗಿದ್ದವು. ಬಂಡಿ ಮಗುಚಿ ಬೆಂಕಿ ಹತ್ತಿ 15 ವರ್ಷದ ಒಬ್ಬರು ಸತ್ತಿದ್ದರು. ದೋಷವನ್ನು ಸರ್ಕಾರಕ್ಕೆ ತಿಳಿಸಲು ತಡಮಾಡಿತೆಂಬ ಆರೋಪದ ಮೇಲೆ 2018ರಲ್ಲಿ ಆ ಕಂಪೆನಿ 2 ಕೋಟಿ 72 ಲಕ್ಷ 50 ಸಾವಿರ ಡಾಲರು ದಂಡ ತೆರಲು ಒಪ್ಪಿತು. ಇದರಿಂದ ನಾವು ಕಲಿಯಬೇಕಾದದ್ದಿಷ್ಟು: ತಯಾರಕರು ಹಿಂದಕ್ಕೆ ಕರೆದರೆ ಅಸಡ್ಡೆ ಮಾಡದೆ ಅಂದೇ ಓಡಿಸುವುದನ್ನು ನಿಲ್ಲಿಸಿ ದುರಸ್ತಿ ಮಾಡಿಸಬೇಕು. ಕೈ ಬದಲಾಯಿಸಿ ಕೊಂಡ ಬಂಡಿಗೆ ಆ ಪತ್ರ ಬರುವುದಿಲ್ಲ; ಮಾರಾಟಗಾರರಲ್ಲಿ ಚಾಸಿ ನಂಬರು ಕೊಟ್ಟು ನಾವೇ ವಿಚಾರಿಸಬೇಕು.

ಮಾಡತಕ್ಕದ್ದೇನು?

1. ಓಡಿಸಿ ಬಂದ ಬಂಡಿಯನ್ನು ಒಂದು ಗಂಟೆಯಾದರೂ ಬಯಲಿನಲ್ಲಿ, ಹುಲ್ಲಿಲ್ಲದ ನೆಲದ ಮೇಲೆ ನಿಲ್ಲಿಸಿ. ಕಾಫಿ ಕಣದ ಮೂಲೆಯಾದರೂ ಸರಿ. ಹತ್ತಿರ ಹುಲ್ಲು ಬಣವೆ, ಗೋಣಿಯ ರಾಶಿ ಇರಕೂಡದು.

2. ಆರಿದ ಮೇಲೆ ಅಡಿಯ ಹುಲ್ಲು, ಕೆಸರು ತೆಗೆಯಿರಿ. ಷೆಡ್ಡಿಗೆ ಸೇರಿಸುವ ಮೊದಲು ನೆಲದ ಮೇಲೆ ಹನಿ ಬಿದ್ದಿದೆಯೇ ನೋಡಿ, ವಾಸನೆ ನೋಡಿ.

3. ಪೆಟ್ರೋಲು ಕೊಳವೆಯನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಬಿರುಕು ಕಂಡರೆ ಬದಲಾಯಿಸಿ. ಪೆಟ್ರೋಲಿನ ತಿರುಪು ಇದ್ದರೆ ಮುಚ್ಚಿ. ಬಹಳ ದಿನ ನಿಲ್ಲಿಸುವುದಾದರೆ ಬ್ಯಾಟರಿಯ ತಂತಿ ಬಿಡಿಸಿ.

4. ಷೆಡ್ಡು ಮನೆಯಿಂದ ಬೇರೆಯಾಗಿದ್ದರೆ ಉತ್ತಮ. ಆಗದಿದ್ದರೆ ನಡುವಣ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಸಿ, ಹೊರಗೋಡೆಯಲ್ಲಿ ನೆಲಮಟ್ಟದಲ್ಲಿ ಗಾಳಿ ಕಿಂಡಿ ಇಡಿಸಿ. ಒಲೆ, ಗ್ಯಾಸು, ದೇವರ ದೀಪ ಆ ಕಡೆ ಬೇಡ.

5. ಕಾದ ಇಂಜಿನ್ನಿಗೆ ಪೆಟ್ರೋಲು ತುಂಬಬೇಡಿ. ಷೆಡ್ಡಿನೊಳಗೂ ತುಂಬಬೇಡಿ.

6. 4 ಅಥವಾ 6 ಕಿಲೋ ತೂಕದ ಎಬಿಸಿ ಪುಡಿಯ ಅಗ್ನಿಶಾಮಕವನ್ನು ಷೆಡ್ಡಿನ ಹೊರಗೆ, ಬಾಗಿಲ ಬಳಿ ತೂಗುಹಾಕಿ. ಮನೆಯ ಹೆಂಗಸರೂ ಅದನ್ನು ಬಳಸಲು ಕಲಿತಿರಬೇಕು.

ಷೆಡ್ಡಿನಲ್ಲಿ ಪೆಟ್ರೋಲಿನ ವಾಸನೆ ಬಂದರೆ ಕಡ್ಡಿ ಗೀರಬೇಡಿ, ಸ್ವಿಚ್ಚು ಹಾಕಲೂ ಬೇಡಿ, ಆರಿಸಲೂ ಬೇಡಿ. ಬಾಗಿಲು ತೆರೆದಿಟ್ಟು ಎಲ್ಲರೂ ಹೊರಗೆ ಬನ್ನಿ. ಬೆಂಕಿ ಹತ್ತಿದರೆ ಮೊದಲು ಜನ, ನಂತರ ದನ. ಬಂಡಿಯನ್ನು ಎಳೆದು ತರುವ ಸಾಹಸ ಬೇಡ. 101 ಅಥವಾ 112ಕ್ಕೆ ಫೋನು ಮಾಡಿ. ಉರಿಯುವ ಪೆಟ್ರೋಲಿಗೆ ನೀರು ಎರಚಿದರೆ ಅದು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಚಿಕ್ಕ ಬೆಂಕಿಗೆ ಪುಡಿ ಅಥವಾ ಮರಳು ಹಾಕಿ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಶಾಯಿ, ಪೇಸ್ಟು ಹಚ್ಚದೆ ಆಸ್ಪತ್ರೆಗೆ ಒಯ್ಯಿರಿ.

ಬಂಧುಗಳೆ, ಇವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ. ಅಕ್ಕನ ಮನೆಯಲ್ಲಿ ಈಗ ಷೆಡ್ಡು ಅಂಗಳದಾಚೆ ಇದೆ. ಹುಡುಗ ಮತ್ತೊಂದು ಜೀಪು ಕೊಂಡಿದ್ದಾನೆ, ಈಗಲೂ ಗುಡ್ಡ ಹತ್ತಿಸುತ್ತಾನೆ. ಬಂದವನು ಅಂಗಳದಲ್ಲಿಯೇ ನಿಲ್ಲಿಸಿ, ಬಗ್ಗಿ ಅಡಿ ನೋಡಿ, ನಂತರವೇ ಕಾಫಿಗೆ ಒಳಗೆ ಬರುತ್ತಾನೆ. ನೀವು ಯಾರ ಮನೆಗೆ ನೆಂಟರಾಗಿ ಹೋದರೂ ಸರಿ, ಪೆಟ್ರೋಲಿನ ವಾಸನೆ ಬಂದರೆ ಸಂಕೋಚಪಡದೆ ಆ ಕ್ಷಣವೇ ಹೇಳಿ. ನಾನು ಹೇಳಲಿಲ್ಲ.