ಹಿಟ್ಟಿನ ಕೋಳಿಯೂ ಶೆಲ್ಲಿ ಕವಿಯ ಶಾಕಾಹಾರವೂ



ಬಂಕಾಪುರದ ಕೋಟೆಯೊಳಗೆ ನವಿಲುಗಳು ನಿರ್ಭಯವಾಗಿ ಸಂಚರಿಸುವುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ಕನ್ನಡದ ಒಂದು ಉತ್ತಮ ಕಾವ್ಯದಲ್ಲಿ ಅರಸನೊಬ್ಬನು ಸತ್ತು ನವಿಲಾಗಿ ಹುಟ್ಟುವನು. ಅದಕ್ಕೆ ಕಾರಣವಾದುದು ಒಂದು ಹಿಟ್ಟಿನ ಕೋಳಿ. ಹೊಯ್ಸಳ ವೀರಬಲ್ಲಾಳನ ಕಾಲದ ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯೇ ಆ ಕಾವ್ಯ.

ದುಃಸ್ವಪ್ನದ ದೋಷವನ್ನು ಕಳೆಯಲು ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ಚಂದ್ರಮತಿಯು ಮಗನಾದ ಯಶೋಧರನನ್ನು ಒತ್ತಾಯಿಸುವಳು. ಜೀವವಧೆಗೆ ಅವನು ಒಪ್ಪನು. ಆದರೆ ತಾಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಕಡಿಯುವನು. ಬಳಿಕ ಪತ್ನಿಯಿಕ್ಕಿದ ವಿಷದಿಂದ ತಾಯಿ ಮಗ ಇಬ್ಬರೂ ಸತ್ತು, ಅರಸನು ನವಿಲಾಗಿಯೂ ತಾಯಿಯು ನಾಯಿಯಾಗಿಯೂ ಜನಿಸಿ, ಭವಭವಗಳಲ್ಲಿ ತೊಳಲುವರು. ಹಿಟ್ಟನ್ನು ಕಡಿದುದರಲ್ಲಿ ಪಾಪವೇನೆಂದು ಕೇಳಬಹುದು. ಕೊಲ್ಲುವೆನೆಂಬ ಸಂಕಲ್ಪವು ಕತ್ತಿಗಿಂತ ಮೊದಲೇ ಕೊಂದಿರುತ್ತದೆ ಎಂಬುದು ಕವಿಯ ಉತ್ತರ. ಈ ವೃತ್ತಾಂತವನ್ನು ಕೇಳಿಯೇ ನರಬಲಿಗೆ ಸಿದ್ಧನಾಗಿದ್ದ ಮಾರಿದತ್ತರಾಜನು ಹಿಂಸೆಯನ್ನು ತೊರೆಯುವನು.

ಇದೇ ಪಕ್ಷವನ್ನು ಬೇರೊಂದು ದಾರಿಯಿಂದ ಸಾಧಿಸಿದವನು ಆಂಗ್ಲಕವಿ ಶೆಲ್ಲಿ. 1792ರಲ್ಲಿ ಜನಿಸಿದ ಈತನು 1812ರಲ್ಲಿ ಮಾಂಸಾಹಾರವನ್ನು ಬಿಟ್ಟು, ಮರುವರ್ಷವೇ ‘ಕ್ವೀನ್ ಮ್ಯಾಬ್’ ಕಾವ್ಯದ ಟಿಪ್ಪಣಿಯಲ್ಲಿಯೂ ಪ್ರತ್ಯೇಕವಾದೊಂದು ಕಿರುಹೊತ್ತಗೆಯಲ್ಲಿಯೂ ಸಹಜಾಹಾರವನ್ನು ಸಮರ್ಥಿಸಿದನು. ಪುನರ್ಜನ್ಮದ ಮಾತನ್ನು ಅವನು ಅಲ್ಲಿ ಎತ್ತಲಿಲ್ಲ. ಮನುಷ್ಯನ ಹಲ್ಲುಗಳೂ ಕರುಳೂ ಹಣ್ಣು ತಿನ್ನುವ ಪ್ರಾಣಿಗಳನ್ನು ಹೋಲುತ್ತವೆಂದನು. ಎತ್ತನ್ನು ಕೊಬ್ಬಿಸಲು ವ್ಯಯವಾಗುವ ಆಹಾರವನ್ನು ನೆಲದಿಂದ ನೇರವಾಗಿ ಪಡೆದರೆ ಹತ್ತು ಪಟ್ಟು ಪೋಷಣೆ ದೊರೆಯುವುದೆಂದೂ ವಾದಿಸಿದನು. ಉಳ್ಳವರ ಮಾಂಸದೂಟದ ಹಿಂದೆ ಬಡವರ ಹಸಿವನ್ನು ಆ ತರುಣನು ಕಂಡನು.

1822ರಲ್ಲಿ ಶೆಲ್ಲಿ ಸಮುದ್ರದಲ್ಲಿ ಮುಳುಗಿ ತೀರಿಕೊಂಡನು. ಆದರೆ ಮಾತು ಮುಳುಗಲಿಲ್ಲ. ಅವನ ಚರಿತ್ರೆಯನ್ನು ಬರೆದ ಹೆನ್ರಿ ಸಾಲ್ಟನು ಶಾಕಾಹಾರದ ಪರವಾಗಿಯೂ ಒಂದು ಗ್ರಂಥವನ್ನು ರಚಿಸಿದನು. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಗಾಂಧೀಜಿಯವರು ಅದನ್ನೋದಿ, ತಾಯಿಗೆ ಕೊಟ್ಟ ಭಾಷೆಗಾಗಿ ಪಾಲಿಸುತ್ತಿದ್ದ ವ್ರತವನ್ನು ಸ್ವಂತ ವಿವೇಕದಿಂದ ಅಂಗೀಕರಿಸಿದರು. 1931ರಲ್ಲಿ ಅವರು ಲಂಡನ್ನಿನ ಶಾಕಾಹಾರಿಗಳ ಸಂಘದಲ್ಲಿ ಮಾತನಾಡಿದಾಗ ವೃದ್ಧ ಸಾಲ್ಟನೂ ಸಭೆಯಲ್ಲಿದ್ದನು. ದೇಹಾರೋಗ್ಯವೊಂದನ್ನೇ ನೆಚ್ಚಿದ ವ್ರತವು ನಿಲ್ಲದು, ಅದಕ್ಕೆ ನೀತಿಯ ಆಧಾರವಿರಬೇಕೆಂಬುದೇ ಅಂದಿನ ಉಪನ್ಯಾಸದ ತಿರುಳು.

ಶರಣಧರ್ಮದಲ್ಲಿ ಬೆಳೆದವರಿಗೆ ದಯೆಯ ಪಾಠವು ಹೊಸದಲ್ಲ. ಬಲಿಗೆ ತಂದ ಕುರಿಯ ಅರಿಯದ ಬಾಳಿಗೆ ಬಸವಣ್ಣನವರು ಮರುಗಿದರು. ಆದರೆ ಹುಟ್ಟಿನಿಂದ ಬಂದ ಶಾಕಾಹಾರವು ಕೆಲವೊಮ್ಮೆ ಕುಲದ ಹೆಮ್ಮೆಯಾಗಿ ಬಿಡುವುದುಂಟು. ಎಡೆಯಲ್ಲಿ ಮಾಂಸವಿಲ್ಲದೆ ನಾಲಗೆಯಲ್ಲಿ ನೆರೆಯವನ ತಿರಸ್ಕಾರವಿದ್ದರೆ, ಅದು ಹಿಟ್ಟಿನ ಕೋಳಿಯನ್ನು ಕಡಿದಂತೆಯೇ. ರಕ್ತ ಕಾಣದಿದ್ದರೂ ಹಿಂಸೆ ನಡೆದಿರುತ್ತದೆ. ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬ ಭಕ್ತನೂ ತನ್ನ ಎಡೆಯನ್ನು ನೋಡುವಾಗ, ಪಕ್ಕದವನ ಎಡೆ ತುಂಬಿದೆಯೇ ಎಂಬುದನ್ನೂ ನೋಡಲಿ. ಪ್ರಾಣಿದಯೆಯೂ ಹಸಿದವರ ಚಿಂತೆಯೂ ಒಂದಾಗಿ ನೆಲೆಗೊಳ್ಳಲಿ.