ಮನೆಯೊಳಗಿನ ಜರೀಗಿಡಗಳೂ ಅವುಗಳ ಹಗೆಗಳೂ



ನಗರದ ಮನೆಗಳಲ್ಲಿ ನೇರವಾದ ಬಿಸಿಲು ಬೀಳದ ಮೂಲೆಗೆ ಹಸಿರನ್ನು ತರಬೇಕಾದರೆ ಜರೀಗಿಡದಷ್ಟು ಅನುಕೂಲವಾದ ಸಸ್ಯಗಳು ಕೆಲವೇ. ಅದಕ್ಕೆ ಹೂವಿಲ್ಲ, ಹಣ್ಣಿಲ್ಲ. ಎಲೆಯ ಸೊಬಗೇ ಸರ್ವಸ್ವ. ಈ ಗಿಡಕ್ಕೆ ತಗಲುವ ಕೀಟಗಳನ್ನು ಗುರುತಿಸುವುದು ಹೇಗೆ, ಗಿಡಕ್ಕೆ ಕೇಡಾಗದಂತೆ ಅವನ್ನು ನೀಗುವುದು ಹೇಗೆ ಎಂಬುದು ಇಂದಿನ ವಿಷಯ. ಇವೆರಡರಲ್ಲಿ ಗುರುತಿಸುವ ಕಾರ್ಯವೇ ಹಿರಿದು. ಅದರಲ್ಲಿ ತಪ್ಪಿ ಒಂದು ಗಿಡವನ್ನು ಕೊಂದವರು ನಾವು. ಆದಕಾರಣ ಅನುಭವದಿಂದಲೇ ಹೇಳುತ್ತಿದ್ದೇವೆ.

ನಮ್ಮ ತಾಯಿಯವರು ಮಲೆನಾಡಿನ ತಮ್ಮ ತವರಿನಿಂದ, ಹಳ್ಳದ ದಂಡೆಯಲ್ಲಿದ್ದ ಒಂದು ಜರೀಗಿಡವನ್ನು ಮಣ್ಣುಸಹಿತ ತಂದು ಕುಂಡದಲ್ಲಿ ನೆಟ್ಟಿದ್ದರು. ಹಲವು ವರ್ಷ ಅದು ನಡುಮನೆಯ ಕಿಟಕಿಯ ಬಳಿ ಸೊಂಪಾಗಿ ಬೆಳೆಯಿತು. ಒಂದು ದಿನ ಎಲೆಯನ್ನು ಮಗುಚಿ ನೋಡಿದಾಗ ಕೆಳಬದಿಯಲ್ಲಿ ಕಂದುಬಣ್ಣದ ಚುಕ್ಕೆಗಳು ಕಂಡವು. ಮೇಜಿನ ಮೇಲೆ ಕಂದು ಹುಡಿಯೂ ಉದುರಿತ್ತು. ಇಂಗ್ಲಿಷ್ ಪುಸ್ತಕವೊಂದರಲ್ಲಿ ಶಲ್ಕಕೀಟದ ವರ್ಣನೆಯನ್ನು ಓದಿದ್ದ ನಮಗೆ ಸಂದೇಹವೇ ಹುಟ್ಟಲಿಲ್ಲ. ಚುಕ್ಕೆಯಿದ್ದ ಎಲೆಗಳನ್ನೆಲ್ಲ ಕತ್ತರಿಸಿ, ಉಳಿದವಕ್ಕೆ ಸೀಮೆಎಣ್ಣೆ ಬೆರೆಸಿದ ಸಾಬೂನುನೀರನ್ನು ಬಳಿದೆವು. ಎರಡು ವಾರಗಳೊಳಗೆ ಗಿಡ ಸುಟ್ಟಂತೆ ಕಪ್ಪಾಗಿ ಸತ್ತಿತು. ಸಸ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರು ನಾವು ತೆಗೆದಿಟ್ಟಿದ್ದ ಎಲೆಯನ್ನು ಮಸೂರದಡಿ ಹಿಡಿದು, “ಇದು ಕೀಟವಲ್ಲ ಸ್ವಾಮಿ, ಗಿಡದ ಸಂತಾನ” ಎಂದರು. ತಾಯಿಯವರು ಏನನ್ನೂ ಆಡಲಿಲ್ಲ. ಬರಿಯ ಕುಂಡವನ್ನು ತೊಳೆದು ಹಿತ್ತಿಲಲ್ಲಿ ಬೋರಲಿಟ್ಟರು.

ಜರೀಗಿಡಕ್ಕೆ ಬೀಜವಿಲ್ಲ. ಹುಡಿಯಂತಹ ಬೀಜಾಣುಗಳಿಂದ ಅದರ ವಂಶ ಮುಂದುವರಿಯುತ್ತದೆ. ಅವುಗಳ ಗುಂಪುಗಳು ಎಲೆಯ ಕೆಳಬದಿಯಲ್ಲಿ ಒಂದು ಕ್ರಮವನ್ನು ಅನುಸರಿಸಿ ಇರುತ್ತವೆ: ಕೆಲವು ಜಾತಿಗಳಲ್ಲಿ ಕಿರುಎಲೆಯ ನಡುನರದ ಇಕ್ಕೆಲಗಳಲ್ಲಿ ಒಂದೊಂದು ಸಾಲು, ಹಕ್ಕಿಗೂಡಿನಂತೆ ಎಲೆ ಹರಡುವ ಜಾತಿಯಲ್ಲಿ ನಡುನರದಿಂದ ಹೊರಟ ಓರೆಗೆರೆಗಳು, ಮೇಡನ್‌ಹೇರ್ ಎಂಬ ನವುರಾದ ಜಾತಿಯಲ್ಲಿ ಎಲೆಯಂಚಿನ ಮಡಿಕೆಯ ಕೆಳಗೆ. ಶಲ್ಕಕೀಟಕ್ಕೆ ಈ ಶಿಸ್ತಿಲ್ಲ. ಅದು ಎಲೆಯ ಎರಡು ಬದಿಗಳಲ್ಲಿಯೂ ದಂಟಿನ ಮೇಲೂ ಕ್ರಮವಿಲ್ಲದೆ ಚದರಿರುತ್ತದೆ. ಉಗುರಿನಿಂದ ಮೀಟಿದರೆ ಚಿಪ್ಪಿನಂತೆ ಎದ್ದುಬರುತ್ತದೆ. ಅರ್ಧಗೋಲದಂತೆ ಉಬ್ಬಿದ ಕಂದು ಜಾತಿಯೊಂದು ಕಾಫಿ ಗಿಡಗಳಿಗೂ ತಗಲುವುದುಂಟು. ಅದು ಸುರಿಸುವ ಸಿಹಿಯಾದ ಅಂಟಿಗೆ ಇರುವೆಗಳು ಬರುತ್ತವೆ, ಮಸಿಯಂತಹ ಬೂಷ್ಟು ಹಿಡಿಯುತ್ತದೆ. ಪಿನ್ನಾಸ್ಪಿಸ್ ಎಂಬ ಇನ್ನೊಂದು ಜಾತಿಯಲ್ಲಿ ಗಂಡುಗಳ ಬಿಳಿಯ ಹೊದಿಕೆಗಳು, ಎಲೆಯ ಮೇಲೆ ಕೊಬ್ಬರಿತುರಿಯನ್ನು ಉದುರಿಸಿದಂತೆ ತೋರುತ್ತವೆ.

ಹಿಟ್ಟು ತಿಗಣೆಯನ್ನು ಗುರುತಿಸುವುದು ಸುಲಭ. ಎಲೆಯ ದಂಟುಗಳ ಸಂದಿಯಲ್ಲಿ ಹತ್ತಿಯ ಎಳೆಯಂತೆ ಬೆಳ್ಳಗೆ ಕುಳಿತಿರುತ್ತದೆ. ಜೇಡನುಸಿಯಾದರೋ ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಸಣ್ಣದು. ಎಲೆ ಕಾಂತಿಗುಂದಿ ಸೂಕ್ಷ್ಮವಾದ ಮಾಸಲು ಚುಕ್ಕೆಗಳು ತುಂಬಿದರೆ, ಅದನ್ನು ಬಿಳಿಯ ಕಾಗದದ ಮೇಲೆ ತಟ್ಟಿರಿ. ಉದುರಿದ ಕಣಗಳು ನಡೆದಾಡಿದರೆ ನುಸಿಯೆಂದು ತಿಳಿಯಿರಿ. ಒಣಹವೆಯೇ ಇದಕ್ಕೆ ಪ್ರಿಯ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವನ್ನಿಟ್ಟಿದ್ದ ಮುಚ್ಚಿದ ಸೀಸೆಯ ತೇವದ ಮಣ್ಣಿನಲ್ಲಿ ಜರೀಗಿಡವೊಂದು ತಾನಾಗಿ ಮೊಳೆಯಿತು. ಆ ನಗರದ ಹೊಗೆಹವೆಯಲ್ಲಿ ಅವನು ಬೆಳೆಸಲಾರದೆ ಹೋಗಿದ್ದ ಗಿಡವದು. ಗಾಳಿಯ ತೇವವೇ ಈ ಗಿಡದ ಜೀವಾಳವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹೊಯ್ದು, ಕುಂಡದ ತಳ ನೀರಿಗೆ ತಾಗದಂತೆ ಅದರ ಮೇಲಿಡುವುದು ಲೇಸು.

ಇನ್ನು ಪರಿಹಾರ. ಕೀಟ ತಗಲಿದ ಗಿಡವನ್ನು ಮೊದಲು ಬೇರೆಯ ಗಿಡಗಳಿಂದ ದೂರವಿಡಿ. ಬಹಳ ಕೆಟ್ಟ ಹಳೆಯ ಎಲೆಗಳನ್ನು ಬುಡದಲ್ಲಿ ಕತ್ತರಿಸಿ ಸುಟ್ಟುಬಿಡಿ. ಎಲ್ಲವನ್ನೂ ಒಮ್ಮೆಗೇ ಕತ್ತರಿಸಬೇಡಿ. ಎಲೆಯ ಕೆಳಬದಿಯನ್ನು ತಣ್ಣೀರಿನಿಂದ ಚೆನ್ನಾಗಿ ತೊಳೆಯಿರಿ. ನುಸಿಗೆ ಅನೇಕ ವೇಳೆ ಇಷ್ಟೇ ಸಾಕು. ಶಲ್ಕಕೀಟ, ಹಿಟ್ಟು ತಿಗಣೆಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದಾಗಿ ಮುಟ್ಟಿ ತೆಗೆಯಬಹುದು. ಚಿಪ್ಪಿನಡಿಯ ಮೊಟ್ಟೆಗಳು ಉಳಿದಿದ್ದು ಮರಿಗಳು ಹೊರಡುವುದರಿಂದ, ಈ ಕೆಲಸವನ್ನು ವಾರಕ್ಕೊಮ್ಮೆ ಕೆಲವು ಸಲ ಮಾಡಬೇಕು. ಸೀಮೆಎಣ್ಣೆ ಬೇಡವೇ ಬೇಡ. ಹೊಗೆಸೊಪ್ಪಿನ ಕಷಾಯವೂ ಮನೆಯೊಳಗೆ ಸಲ್ಲದು; ಅದರಲ್ಲಿರುವ ನಿಕೋಟಿನ್ ಮನುಷ್ಯರಿಗೂ ವಿಷ. ಬೇವಿನೆಣ್ಣೆ, ಸಾಬೂನುನೀರುಗಳು ಸಹ ಜರೀಗಿಡದ ಎಳೆಯೆಲೆಗಳನ್ನು ಸುಡಬಲ್ಲವು. ಒಂದೇ ಎಲೆಗೆ ಹಚ್ಚಿ, ಎರಡು ಮೂರು ದಿನ ಕಾದು ನೋಡಿದ ಮೇಲೆಯೇ ಮುಂದುವರಿಯಿರಿ. ಹೊಸದಾಗಿ ತಂದ ಗಿಡವನ್ನು ಎರಡು ವಾರ ಪ್ರತ್ಯೇಕವಾಗಿಟ್ಟು ಪರೀಕ್ಷಿಸುವುದು ಎಲ್ಲಕ್ಕಿಂತ ಮೇಲಾದ ಉಪಾಯ.

ಒಟ್ಟಿನಲ್ಲಿ, ಕೈಗೆ ಕತ್ತರಿ ಬರುವುದಕ್ಕೆ ಮುನ್ನ ಮಸೂರ ಬರಲಿ. ನಮ್ಮ ಮನೆಯ ಆ ಕುಂಡದಲ್ಲಿ ಈಗ ತವರಿನ ಇನ್ನೊಂದು ಜರೀಗಿಡ ಬೆಳೆಯುತ್ತಿದೆ. ಎಲೆಗಳ ಕೆಳಗೆ ಕಂದು ಚುಕ್ಕೆಗಳೂ ಮೂಡಿವೆ. ತಾಯಿಯವರ ಅಪ್ಪಣೆಯಿಲ್ಲದೆ ಅದರ ಒಂದು ಎಲೆಯನ್ನೂ ನಾವು ಮುಟ್ಟುವುದಿಲ್ಲ.